ನೆಲಗಾವಿನ ಮೇಲೆ ಐದು ಕೌದಿ

ಬಡಗಣಹಟ್ಟಿ,
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ, ಕ್ರಿ.ಶ. ೨೨೯೧.

ಹಿಂದಿನ ಕಾಲದ ಹಿರಿಯರಿಗೆ ನೀಲಗಂಗಾ ಮಾಡುವ ಶರಣಾರ್ಥಿ.

ತಾರೀಖು ನೋಡಿ ಹುಬ್ಬೇರಿಸಬೇಡಿ. ಇಲ್ಲಿಯ ಚಳಿ ಹನ್ನೆರಡು ತಿಂಗಳಲ್ಲಿ ಹಿಡಿಸಲಿಲ್ಲವೆಂದು ನಮ್ಮ ಮುತ್ತಜ್ಜಂದಿರು ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು; ಕ್ಷಮಿಸಿ, ಅರ್ಥ ಹೇಳುತ್ತಲೇ ಹೋಗುತ್ತೇನೆ. ವಿಜಯಪುರದ ಕಡೆಯ ಬಿಸಿಲು ಸಾಕಾಗಿ, ಭೂಮಿಯ ಬಡಗಣ ತುದಿಯಲ್ಲಿ ಹಿಮ ಕರಗಿದ ಬಯಲಿಗೆ ಬಂದು ಗಾಜಿನ ಚಪ್ಪರದಡಿ ಜೋಳ ಬಿತ್ತಿದವರ ಆರನೆಯ ತಲೆಮಾರು ನಾವು. ಬಿಸಿಲಿಗೆ ಹೆದರಿ ಬಂದವರ ಮಕ್ಕಳು ಈಗ ವರ್ಷದ ಮುಕ್ಕಾಲು ಪಾಲು ಬಿಸಿಯ ಮಾತನ್ನೇ ಆಡುತ್ತೇವೆ.

ಇಲ್ಲಿ ಮನೆ ಕಟ್ಟುವವರನ್ನು ಎಷ್ಟು ಕೋಣೆ ಎಂದು ಯಾರೂ ಕೇಳುವುದಿಲ್ಲ. ನೆಲಗಾವೋ, ಕಾವುಪೆಟ್ಟಿಗೆಯೋ ಎಂದು ಕೇಳುತ್ತಾರೆ. ನೆಲಗಾವು ಎಂದರೆ ನೆಲಕ್ಕೆ ಹಾಸಿದ ಕಲ್ಲಿನ ಕೆಳಗೆ ಕೊಳವೆ ಸುತ್ತಿಸಿ ಬಿಸಿನೀರು ಹರಿಸುವುದು. ಕಾವುಪೆಟ್ಟಿಗೆ ಎಂದರೆ ನಿಮ್ಮ ಕಾಲದ ಚಳಿದೇಶಗಳ ರೇಡಿಯೇಟರ್, ಗೋಡೆಗೆ ಆನಿಸಿದ ಕಬ್ಬಿಣದ ಪೆಟ್ಟಿಗೆ. ನನ್ನ ಗಂಡ ಸಂಗನಬಸಪ್ಪ ಪೆಟ್ಟಿಗೆಯ ಪಕ್ಷ. ಅದು ಅರ್ಧ ಗಂಟೆಯಲ್ಲಿ ಕೋಣೆ ಬೆಚ್ಚಗೆ ಮಾಡುತ್ತದೆ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು, ಮೇಲೆ ಒದ್ದೆ ಬಟ್ಟೆ ಹರವಬಹುದು ಎಂದು ಅವರ ವಾದ. ನೆಲಗಾವೋ, ಬೆಳಿಗ್ಗೆ ಹಚ್ಚಿದರೆ ಬೆಚ್ಚಗಾಗುವುದು ಸಂಜೆಗೆ. ಕೊಳವೆ ಸೋರಿದರೆ ನೆಲವನ್ನೇ ಅಗೆಯಬೇಕು. ಅವರ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ನನ್ನ ಹಟಕ್ಕೆ ಕಾರಣ ನಮ್ಮ ಆಯಿ, ಅಂದರೆ ತಾಯಿಯ ತಾಯಿ, ದುಂಡವ್ವ. ವಯಸ್ಸು ಎಂಬತ್ತಾರು. ಊರಿನ ಹಿರಿಯರ ಮನೆಯಲ್ಲಿ ಗೆಳತಿಯರ ಜೊತೆ ಪಗಡೆಯಾಡುತ್ತ ಆರಾಮಾಗಿಯೇ ಇದ್ದಳು. ಆದರೆ ನನ್ನನ್ನು ಸಾಕಿದವಳು ಅವಳು. ಅವಳಿಲ್ಲದ ಹೊಸ ಮನೆ ನನಗೆ ಬೇಡವಾಗಿತ್ತು. ಆಯಿ ಜನ್ಮದಲ್ಲಿ ಕುರ್ಚಿ ಹತ್ತಿದವಳಲ್ಲ. ಉಣ್ಣುವುದು, ರೊಟ್ಟಿ ಬಡಿಯುವುದು, ಹರಟೆ ಹೊಡೆಯುವುದು ಎಲ್ಲ ನೆಲದ ಮೇಲೆಯೇ. ಪೆಟ್ಟಿಗೆಯ ಕಾವು ಮೇಲೇರಿ ಮಾಳಿಗೆ ಬೆಚ್ಚಗಾದರೆ ನೆಲದ ಮೇಲೆ ಕೂತವರಿಗೆ ಏನು ಬಂತು? ಎಂಟು ದಿನ ಇದ್ದು ನೋಡುವೆ, ಮೊಣಕಾಲು ಒಪ್ಪಿದರೆ ಉಳಿಯುವೆ, ಇಲ್ಲದಿದ್ದರೆ ಗಂಟು ಕಟ್ಟುವೆ ಎಂದು ಆಯಿ ಕರಾರು ಹಾಕಿದಳು. ಗಂಡ ಸೋತು ನೆಲಗಾವಿಗೆ ಒಪ್ಪಿದರು. ಬಟ್ಟೆಯ ನೆಪ ಹೇಳಿ ಬಚ್ಚಲಮನೆಗೆ ಮಾತ್ರ ಒಂದು ಪುಟ್ಟ ಕಾವುಪೆಟ್ಟಿಗೆ ಹಾಕಿಸಿಕೊಂಡರು.

ಬಂದವರನ್ನು ಬರಿ ನೆಲದ ಮೇಲೆ ಕೂಡ್ರಿಸುವುದು ನಮ್ಮಲ್ಲಿ ದೊಡ್ಡ ಅವಮಾನ. ಆಯಿ ಬರುವ ದಿನ ಜಮಖಾನ ಹಾಸಿದೆ, ಅದರ ಮೇಲೆ ಕಂಬಳಿ, ಅದರ ಮೇಲೆ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿಗಳು, ಒಂದಲ್ಲ, ನಾಲ್ಕು. ಮೊದಲ ದಿನ ಆಯಿ ಶಾಲು ಹೊದ್ದಳು. ಎರಡನೆಯ ದಿನ ಕಾಲುಚೀಲ ಕೇಳಿದಳು. ನಾನು ಐದನೆಯ ಕೌದಿ ಹಾಸಿದೆ. ಆರನೆಯ ದಿನ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಎದ್ದು, ತನ್ನ ಸೀರೆಗಳನ್ನು ಮಡಚತೊಡಗಿದಳು. ಗಂಡ ಹೋಗಿ ಬಚ್ಚಲಮನೆಯ ಪೆಟ್ಟಿಗೆಯನ್ನು ಪ್ರೀತಿಯಿಂದ ಒರೆಸಿದರು.

ಕೊಳವೆ ಕೆಟ್ಟಿದೆಯೆಂದು ಕಾವುಗಾರ್ತಿ ಗೌರವ್ವನನ್ನು ಕರೆಸಿದೆ. ಮನೆಮನೆಯ ಬಿಸಿನೀರಿನ ಕೊಳವೆ ನೋಡಿಕೊಳ್ಳುವವಳು ಅವಳು. ಬಂದವಳು ಕೌದಿಯೊಂದನ್ನು ಎತ್ತಿದಳು, ಇನ್ನೊಂದನ್ನು ಎತ್ತಿದಳು, ಐದೂ ಮುಗಿದು ಕಂಬಳಿ, ಜಮಖಾನ ದಾಟಿ ಕಲ್ಲಿಗೆ ಅಂಗೈ ಇಟ್ಟವಳೇ ನಗಲು ಶುರುಮಾಡಿದಳು.

"ನೆಲಕ್ಕ ಚಳಿಜ್ವರ ಬಂದಂಗ ಹೊಚ್ಚಿಟ್ಟೀರಲ್ರೀ ಅಕ್ಕಾರ, ಕಾವು ಮ್ಯಾಲೆ ಬರೂದು ಹ್ಯಾಂಗ?"

ಕಾವೆಲ್ಲ ನನ್ನ ಮರ್ಯಾದೆಯ ಕೆಳಗೆ ಬೆಚ್ಚಗೆ ಮಲಗಿತ್ತು. ಚಳಿಯಲ್ಲಿ ಕೂತವಳು ಆಯಿ. ಗಂಡನೂ ನಕ್ಕರು, ನಾನು ನಾಚಿಕೊಂಡೆ. ಹಾಸಿದ್ದನ್ನೆಲ್ಲ ಸುತ್ತಿಟ್ಟರೂ ಒಂದು ಕೌದಿ ಬಿಡಲು ಮನಸ್ಸು ಬರಲಿಲ್ಲ. ನನ್ನನ್ನು ಸಾಕಿದವಳನ್ನು ಬರಿ ನೆಲಕ್ಕೆ ಹೇಗೆ ಕೂಡ್ರಿಸಲಿ? ಅದರ ತುದಿ ಹಿಡಿದು ನಿಂತೇ ಇದ್ದೆ. ಆಯಿಯೇ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿ ಬದಿಗಿಟ್ಟು, ಬರಿ ಕಲ್ಲಿನ ಮೇಲೆ ಕೂತು ಕಾಲು ಚಾಚಿದಳು. ಸ್ವಲ್ಪ ಹೊತ್ತಿಗೆ ಶಾಲು ತೆಗೆದಳು.

"ಹಾಸೂದು ಬಂದು ಹೋಗೋರಿಗೆ, ಯವ್ವಾ," ಎಂದಳು. "ನಾ ಇರಾಕಿ."

ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅದಾಗಿ ಎರಡು ವರ್ಷ. ಈಗ ನೆಲದ ಒಂದು ಮೂಲೆಯಲ್ಲಿ ಆಯಿಯ ಅಂಬಲಿಯ ಹಿಟ್ಟು ಹುಳಿಬರುತ್ತದೆ, ಇನ್ನೊಂದರಲ್ಲಿ ಹಪ್ಪಳ ಒಣಗುತ್ತವೆ, ನಡುವೆ ಪೆಟ್ಟಿಗೆಯ ಪಕ್ಷದವರು ಊಟವಾದ ಮೇಲೆ ಗೊರಕೆ ಹೊಡೆಯುತ್ತಾರೆ.

ನಿಮ್ಮಲ್ಲಿ ಯಾರಾದರೂ ಚಳಿಯ ಊರಿನಲ್ಲಿ ಮನೆ ಕಟ್ಟುವುದಿದ್ದರೆ, ಮನೆಯವರು ಎಲ್ಲಿ ಕೂಡುತ್ತಾರೆಂದು ಮೊದಲು ನೋಡಿ. ಕುರ್ಚಿಯವರಾದರೆ ಪೆಟ್ಟಿಗೆ ಸಾಕು. ನೆಲದವರಿದ್ದರೆ ನೆಲಗಾವು ಹಾಕಿಸಿ, ಮೇಲೆ ಏನೂ ಹಾಸಬೇಡಿ. ನೀವು ಇಷ್ಟು ವರ್ಷ ದಾಟಿ ನಮ್ಮಲ್ಲಿಗೆ ಬರುವಂತಿದ್ದರೆ ಐದೂ ಕೌದಿ ಹಾಸಿ ಕೂಡ್ರಿಸುತ್ತೇವೆ, ಎಂಟು ದಿನ. ಒಂಬತ್ತನೆಯ ದಿನದಿಂದ ಬರಿ ನೆಲ.