ಹನ್ನೊಂದು ಕಾಗದ, ಒಂದೇ ಬೆನ್ನು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಎಂದು ಕೇಳಿ ಶುರುಮಾಡುವುದಿಲ್ಲ. ನಿನ್ನೆ ಸಂಜೆ ನಿನ್ನ ಹಾಸಿಗೆಯ ಪಕ್ಕ ಎರಡು ಗಂಟೆ ಕೂತಿದ್ದೆನಲ್ಲ, ಹೇಗಿದ್ದೀಯ ಎಂದು ಕಂಡೇ ಬಂದಿದ್ದೇನೆ. ಕಿತ್ತಳೆ ಸುಲಿದುಕೊಟ್ಟೆ, ನೀನು ಎರಡು ತೊಳೆ ತಿಂದೆ, ಉಳಿದದ್ದನ್ನು ನಾನೇ ತಿಂದು ಮುಗಿಸಿ ಅಮ್ಮನ ಕೈಲಿ ಬೈಸಿಕೊಂಡೆ. ಹೇಳಬೇಕಾದ ಮಾತು ಮಾತ್ರ ಹೇಳದೆಯೇ ಎದ್ದುಬಂದೆ. ನಾಲ್ಕು ಬೀದಿ ಆಚೆ ಇರುವ ಅಕ್ಕ ಪತ್ರ ಬರೆದಿದ್ದಾಳೆ ಎಂದರೆ ನಿನಗೆ ನಗು ಬರಬಹುದು. ನಗು, ಪರವಾಗಿಲ್ಲ. ಎದುರಿಗೆ ಕೂತು ಹೇಳುವ ಧೈರ್ಯವಿದ್ದಿದ್ದರೆ ಇಷ್ಟು ಕಾಗದ ಹಾಳುಮಾಡುತ್ತಿರಲಿಲ್ಲ. ಕಾಗದ ಹಾಳುಮಾಡುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ.

ಅಮ್ಮ ನಿನ್ನೆ ಬಾಗಿಲವರೆಗೂ ಬಂದು ನನಗೊಂದು ಕೆಲಸ ಒಪ್ಪಿಸಿದಳು. ನಿನ್ನ ಗಂಡ, ನಮ್ಮ ಮೇಸ್ತ್ರಿ, ದಿನಾ ಸಂಜೆ ಕಟ್ಟಡದ ಕೆಲಸ ಮುಗಿಸಿ, ಸಿಮೆಂಟು ಮೆತ್ತಿದ ಕಾಲಲ್ಲೇ ಬಂದು ಗೇಟಿನ ಹೊರಗೆ ನಿಲ್ಲುತ್ತಾರಂತೆ. ನೀನು ಒಳಗೆ ಬಿಡಬೇಡಿ ಎಂದಿದ್ದೀಯಂತೆ. ಗಂಟೆಗಟ್ಟಲೆ ನಿಂತು, ನಿನ್ನ ಕೋಣೆಯ ದೀಪ ಆರಿದ ಮೇಲೆ ಹೋಗುತ್ತಾರಂತೆ. ಅಕ್ಕಪಕ್ಕದವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ, "ನೀನೇ ಹೇಳು, ನಿನ್ನ ಬಾಯಿಗೆ ಹೆದರ್ತಾನೆ, ಇನ್ಮೇಲೆ ಈ ಕಡೆ ಬರ್ಬೇಡ ಅನ್ನು" ಎಂದಳು. ಆಯಿತು ಎಂದು ತಲೆಯಾಡಿಸಿ ಮೆಟ್ಟಿಲಿಳಿದೆ. ಅವರು ಅಲ್ಲೇ ನಿಂತಿದ್ದರು. ನಾನು ಚಪ್ಪಲಿ ನೋಡಿಕೊಂಡು ದಾಟಿ ಬಂದೆ. ಹೇಳಲಿಲ್ಲ, ಹೇಳುವುದೂ ಇಲ್ಲ. ಯಾಕೆ ಎಂದು ತಿಳಿಸುವುದಕ್ಕೇ ಬರೆಯುತ್ತಿದ್ದೇನೆ.

ನನ್ನ ಹನ್ನೊಂದು ಭಾನುವಾರಗಳು ನಿನಗೆ ನೆನಪಿವೆ. ನನ್ನ ಚಿತ್ರಕಲಾ ಕಾಲೇಜಿನ ಮಕ್ಕಳಿಗೆ ತೋರಿಸಲು ಒಂದು ಪ್ರಯೋಗ ಬೇಕಿತ್ತು: ಅದೇ ಮೈ, ಅದೇ ಭಂಗಿ, ಅದೇ ಕಿಟಕಿಯ ಬೆಳಕು, ವಾರಕ್ಕೊಮ್ಮೆ ಬದಲಾಗುವುದು ಕಾಗದ ಮತ್ತು ಬರೆಯುವ ಸಾಧನ ಮಾತ್ರ. ಕಾಲೇಜಿಗೆ ಬರುವ ಮಾಡೆಲ್ ಹೆಂಗಸು ಊರಲ್ಲಿರಲಿಲ್ಲ. ನಿನ್ನನ್ನು ಕೇಳಿದೆ. ನೀನು ಹೊಲಿಗೆ ಅಂಗಡಿ ಮುಚ್ಚುವ ದಿನ ಭಾನುವಾರವೇ ಆದ್ದರಿಂದ ಒಪ್ಪಿದೆ. ಮೊದಲ ದಿನ ಅಂಗಿ ತೆಗೆದು ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತು, "ಬೆನ್ನು ತಾನೇ, ನೋಡ್ಕೊ. ನಾನಂತೂ ಇವತ್ತಿನವರೆಗೂ ನೋಡಿಲ್ಲ" ಎಂದೆ. ಇಬ್ಬರೂ ನಕ್ಕೆವು. ಆ ಮಾತು ಈಗ ಕಿವಿಯಲ್ಲಿ ಕೂತುಬಿಟ್ಟಿದೆ, ಗುಬ್ಬಿ. ನಿನ್ನ ಬೆನ್ನನ್ನು ನೋಡಬಲ್ಲವರು ಈ ಲೋಕದಲ್ಲಿ ಇದ್ದದ್ದೇ ಇಬ್ಬರು, ಅವರಲ್ಲಿ ಒಬ್ಬಳು ನಾನು.

ಮೊದಲ ವಾರ ನ್ಯೂಸ್‌ಪ್ರಿಂಟ್ ಮೇಲೆ ಇದ್ದಿಲು. ಬೆನ್ನುಮೂಳೆಯ ಗೆರೆ ಎಳೆದೆ, ಎಡಭುಜ ಬಂತು, ಬಲಭುಜ ಒಂದು ಬೆರಳಿನಷ್ಟು ಕೆಳಗೆ ಕೂತಿತು. ಆ ಕಾಗದ ಅಗ್ಗದ್ದು, ನುಣುಪು, ಇದ್ದಿಲು ಜಾರಿದೆ ಎಂದುಕೊಂಡು ಬಟ್ಟೆಯಿಂದ ಒರೆಸಿ ಭುಜವನ್ನು ಮೇಲಕ್ಕೆ ತಂದೆ. ಎರಡನೆಯ ವಾರ ಪಾರ್ಸಲ್ ಕಟ್ಟುವ ಕಂದು ಕಾಗದ, ಕೆಂಪು ಸೀಮೆಸುಣ್ಣ, ಬೆಳಕಿಗೆ ಬಿಳಿ ಸೀಮೆಸುಣ್ಣ. ಎಷ್ಟು ಚೆಂದ ಬಂತು ಗೊತ್ತೇ, ಚರ್ಮದ ಬಿಸಿ ಕೂಡ ಬಂತು ಎನಿಸಿತು. ಭುಜ ಮಾತ್ರ ಮತ್ತೆ ಇಳಿದಿತ್ತು. ಕಾಗದದ ಗೆರೆಗಳು ಕೈಯನ್ನು ಎಳೆದುಕೊಂಡು ಹೋಗಿರಬೇಕು ಎಂದು ಸಮಾಧಾನಮಾಡಿಕೊಂಡೆ. ಮೂರನೆಯದು ಗಟ್ಟಿ ಪೆನ್ಸಿಲ್, ನಯವಾದ ಬಿಳಿ ಹಾಳೆ. ಅಲ್ಲಿ ಜಾರುವ ನೆಪವಿಲ್ಲ. ನನ್ನ ಕಣ್ಣೇ ದಣಿದಿದೆ ಎಂದು ರಬ್ಬರು ಹಾಕಿದೆ. ನಾಲ್ಕನೆಯದು ಒರಟು ಕಾಗದದ ಮೇಲೆ ಶಾಯಿ. ಶಾಯಿ ಅಳಿಸಲು ಬರುವುದಿಲ್ಲವಲ್ಲ, ಭುಜದ ಮೇಲೆ ಒಂದು ಪಟ್ಟಿ ಕಾಗದ ಅಂಟಿಸಿ ಅದರ ಮೇಲೆ ಹೊಸ ಗೆರೆ ಎಳೆದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ ಬಿಟ್ಟು ಕಾಗದ ಹಿಡಿದೆ.

ಒದ್ದೆ ಕಾಗದದ ಮೇಲೆ ಕುಂಚದಿಂದ ಬರೆದ ವಾರ, ಒಣಗುವಾಗ ಹಾಳೆ ಮುದುರಿ ಭುಜವನ್ನು ಕೆಳಗೆಳೆದಿದೆ ಎಂದು ನಿನಗೇ ವಿವರಿಸಿದ್ದೆ. ನೀನು ಟೀ ಕುಡಿಯುತ್ತಾ, "ನನ್ನ ಬೆನ್ನಿಗೆ ನೀನು ವಾರಕ್ಕೊಂದು ಬಟ್ಟೆ ಬದಲಾಯಿಸ್ತಿದೀಯ, ಒಂದೂ ಸರಿಯಾಗಿ ಕೂರ್ತಿಲ್ಲ ನೋಡು" ಎಂದೆ. ಕಪ್ಪು ಕಾಗದದ ವಾರ ಬಿಳಿ ಸೀಮೆಸುಣ್ಣದಿಂದ ಬೆಳಕನ್ನಷ್ಟೇ ಬರೆಯುತ್ತಾ ಹೋದೆ. ಬಲ ಭುಜದ ರೆಕ್ಕೆಮೂಳೆಯ ಪಕ್ಕ ಒಂದು ಅಂಗೈಯಷ್ಟು ಜಾಗ ಬರೆಯದೇ ಕಪ್ಪಾಗಿ ಉಳಿಯಿತು. ಅಲ್ಲಿ ಬೆಳಕು ಬೀಳುತ್ತಲೇ ಇರಲಿಲ್ಲ, ಅಲ್ಲಿ ಗುಳಿ ಬಿದ್ದಿತ್ತು. ನಾನು ಎದ್ದು ಹೋಗಿ ಕಿಟಕಿಯ ಪರದೆ ಸರಿಮಾಡಿದೆ.

ಇದಕ್ಕಿಂತ ಕೆಟ್ಟದ್ದಿದೆ. ಏಳನೆಯ ವಾರದಿಂದ ನಿನ್ನನ್ನೇ ತಿದ್ದತೊಡಗಿದೆ. "ನೆಟ್ಟಗೆ ಕೂತ್ಕೊಳ್ಳೇ, ಸೋಮಾರಿ" ಎಂದು ಎಷ್ಟು ಸಲ ಗದರಿದೆನೋ ಲೆಕ್ಕವಿಲ್ಲ. ನೀನು ಕೈ ಜುಮ್ಮೆನ್ನುತ್ತದೆ ಎಂದೆ. ಮಾಡೆಲ್‌ಗಳೆಲ್ಲ ಹಾಗೇ ಹೇಳುತ್ತಾರೆ, ಅರ್ಧ ಗಂಟೆ ತಡೆದುಕೋ ಎಂದೆ ನಾನು. ಬಲ ಮೊಣಕೈ ಕೆಳಗೆ ದಿಂಬು ಇಟ್ಟು ಭುಜ ಎತ್ತಿಸಿದೆ. ನೀನು ಹಲ್ಲು ಕಚ್ಚಿ ಕೂತೆ. ನಿನ್ನ ಕತ್ತಿನ ಹಿಂದೆ ಬೆವರು ಹನಿ ಹನಿಯಾಗಿ ಇಳಿಯಿತು. ಆ ಬೆವರಿನ ಹೊಳಪನ್ನೂ ನಾನು ಬಿಳಿ ಸೀಮೆಸುಣ್ಣದಿಂದ ತಂದೆ, ಗುಬ್ಬಿ. ಮಕ್ಕಳು ಆ ಚಿತ್ರವನ್ನೇ ಹೆಚ್ಚು ಹೊಗಳಿದರು.

ನೀನೂ ಕಡಿಮೆಯವಳಲ್ಲ. ಅಂಗಿಯ ಬಲಗಡೆ ಜೋತು ಬೀಳುತ್ತದೆ ಎಂದು ಭುಜದೊಳಗೆ ಎರಡು ಪದರ ಬಟ್ಟೆ ಹೆಚ್ಚಿಗೆ ಇಟ್ಟು ಹೊಲಿದುಕೊಂಡೆ. ಒಂದು ಭಾನುವಾರ ಅದನ್ನು ಕಳಚಿಡುವಾಗ ನನ್ನ ಕೈಗೆ ಕೊಟ್ಟು ತೋರಿಸಿದೆ ಕೂಡ. "ಎರಡು ಭುಜ ಸಮ ಇರೋ ಮನುಷ್ಯ ಇನ್ನೂ ಹುಟ್ಟಿಲ್ಲ ಅಕ್ಕ, ದಿನಾ ಅಳತೆ ತಗೊಳ್ಳೋಳು ನಾನು" ಎಂದೆ. ಎಷ್ಟು ನಾಜೂಕಾಗಿ ಹೊಲಿದಿದ್ದಾಳೆ ಎಂದು ನಾನು ಹೊಲಿಗೆಯನ್ನು ನೋಡಿದೆ. ದರ್ಜಿಯೂ ಚಿತ್ರಗಾರ್ತಿಯೂ ಸೇರಿ ನಿನ್ನ ಮೈಯನ್ನು ಹೊರಗಿನಿಂದ ಸರಿಮಾಡುತ್ತಿದ್ದೆವು, ಒಳಗೆ ಅದು ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು.

ಚಿತ್ರಗಳನ್ನು ಕಾಲೇಜಿನ ಹಜಾರದಲ್ಲಿ ಸಾಲಾಗಿ ತೂಗುಹಾಕಿದೆವು. ಹನ್ನೊಂದರಲ್ಲೂ ಭುಜಗಳು ಸಮನಾಗಿದ್ದವು. ಅವುಗಳ ಮುಂದೆ ನಿಂತು, "ಗೊತ್ತಿರೋದನ್ನ ಬಿಡಿಸಬೇಡಿ, ಕಾಣೋದನ್ನ ಬಿಡಿಸಿ" ಎಂದು ಮಕ್ಕಳಿಗೆ ಪಾಠ ಹೇಳಿದೆ. ಇಪ್ಪತ್ತೆರಡು ವರ್ಷದಿಂದ ಹೇಳುತ್ತಿರುವ ಪಾಠ, ನಿದ್ದೆಯಲ್ಲೂ ಬರುತ್ತದೆ.

ಆಮೇಲೆ ಮೂರು ತಿಂಗಳಿಗೆ ನಿನ್ನ ಕೈಯಿಂದ ಕತ್ತರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಶ್ವಾಸಕೋಶದ ಮೇಲ್ತುದಿಯಲ್ಲಿ ಗಡ್ಡೆ, ಕೈಗೆ ಹೋಗುವ ನರವನ್ನು ಅದುಮಿ ಭುಜವನ್ನು ಒಣಗಿಸಿದೆ ಎಂದು ಡಾಕ್ಟರು ಹೇಳಿದಾಗ ನೀನು, ನಾನು, ಮೇಸ್ತ್ರಿ ಮೂವರೂ ಇದ್ದೆವು. ಐದಾರು ತಿಂಗಳು ಮುಂಚೆ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ಅವರು ಆ ಮಾತನ್ನು ಮುಗಿಸುವ ಮೊದಲೇ ನಾನು ಮನಸ್ಸಿನಲ್ಲಿ ಭಾನುವಾರಗಳನ್ನು ಎಣಿಸಿಯಾಗಿತ್ತು.

ಹೊರಗೆ ಕಾರಿಡಾರಿನಲ್ಲಿ ನಾನು ಏನು ಮಾಡಿದೆ ಎಂದು ನಿನಗೆ ಗೊತ್ತು. ಮೇಸ್ತ್ರಿಯ ಮೇಲೆ ಹಾರಿಬಿದ್ದೆ. ನಿಮ್ಮ ಮದುವೆಯಾದಾಗಿನಿಂದ ಬಹುವಚನ ಬಿಟ್ಟು ಮಾತಾಡಿಸದವಳು, ನರ್ಸುಗಳು ತಿರುಗಿ ನೋಡುವಂತೆ, "ಒಂದೇ ಹಾಸಿಗೇಲಿ ಮಲಗೋನು ನೀನು, ನಿನಗೆ ಕಾಣ್ಲಿಲ್ವಾ?" ಎಂದು ಕಿರುಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ನೀನು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಮೂರನೆಯ ದಿನ ಚೀಲ ಹಿಡಿದು ಅಮ್ಮನ ಮನೆಗೆ ಬಂದೆ. ಯಾಕೆ ಬಂದೆ ಎಂದು ಅಮ್ಮ ಕೇಳಿದರೆ ನೀನು ಹೇಳಿದ್ದು ನನ್ನದೇ ಮಾತು, ಒಂದಕ್ಷರ ಬದಲಾಯಿಸದೆ. ನಿನ್ನ ಬಾಯಲ್ಲಿ ಅದನ್ನು ನಾನೂ ಕೇಳಿಸಿಕೊಂಡೆ. ನಿನ್ನ ಸಿಟ್ಟು ಆ ಕಡೆ ಹೋಗುತ್ತಿದೆಯಲ್ಲ, ಹೋಗಲಿ ಎಂದು ಸುಮ್ಮನಿದ್ದೆ.

ಕಳೆದ ವಾರ ಕಪಾಟಿನಿಂದ ಹಾಳೆಗಳನ್ನು ತೆಗೆದೆ. ಇದ್ದಿಲು ಎಷ್ಟು ಒರೆಸಿದರೂ ಹೋಗುವುದಿಲ್ಲ ಎಂದು ನಾನೇ ಮಕ್ಕಳಿಗೆ ಹೇಳುತ್ತೇನೆ. ತಿದ್ದಿದ ಗೆರೆಯ ಕೆಳಗೆ ಮೊದಲ ಗೆರೆ ಬೂದಿಯ ಹಾಗೆ ಉಳಿದಿತ್ತು. ಪೆನ್ಸಿಲಿನ ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದೆ, ರಬ್ಬರು ಹಾಕಿದ ಕಡೆ ಮುಳ್ಳಿನಿಂದ ಗೀರಿದಂತೆ ತಗ್ಗು ಇತ್ತು. ಶಾಯಿಯದನ್ನು ಬೆಳಕಿಗೆ ಎತ್ತಿದರೆ ಅಂಟಿಸಿದ ಪಟ್ಟಿಯ ಒಳಗಿಂದ ಹಳೆಯ ಭುಜ ಕಂಡಿತು. ಸ್ಕೇಲು ಇಟ್ಟು ಅಳೆದೆ. ಮೊದಲ ಭಾನುವಾರ ಒಂದು ಬೆರಳು. ಕೊನೆಯ ಭಾನುವಾರ, ದಿಂಬಿಟ್ಟ ಮೇಲೂ, ಎರಡೂವರೆ. ಒಂದೇ ಒಂದು ವಾರವೂ ಹಿಂದಕ್ಕೆ ಬಂದಿಲ್ಲ. ಕಾಗದ ಯಾವುದಾದರೂ ಇರಲಿ, ಇದ್ದಿಲಿರಲಿ ಶಾಯಿಯಿರಲಿ, ಕೈ ಮೊದಲ ಸಲ ಬರೆದದ್ದು ಸರಿಯಾಗಿಯೇ ಇತ್ತು. ನಾನು ಹನ್ನೊಂದು ಸಲ ಅದನ್ನು ಅಳಿಸಿದೆ. ನೆಲದ ಮೇಲೆ ಆ ಹಾಳೆಗಳ ನಡುವೆ ಕೂತು ಅತ್ತೆ. ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದೆ.

ಹಾಗಾಗಿ ಇಷ್ಟು ತಿಳಿದುಕೋ. ಕಾಣಬೇಕಾಗಿದ್ದವಳು ನಾನು. ಹೊಟ್ಟೆಪಾಡಿಗೆ ಮೈ ನೋಡುವವಳು ನಾನು. ಮೇಸ್ತ್ರಿ ಬೆಳಗಾಗುವ ಮುಂಚೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ಮನುಷ್ಯ, ಚಿತ್ರದ ಗಂಧವಿಲ್ಲ, ಮೈಯ ಲೆಕ್ಕ ತಿಳಿಯದು. ಅವರಿಗೆ ಏನು ಗೊತ್ತಾಗಬೇಕಿತ್ತು ಹೇಳು? ನಿನಗೆ ಯಾರ ಮೇಲಾದರೂ ಸಿಟ್ಟು ಬೇಕೇಬೇಕು ಎಂದಿದ್ದರೆ ನನ್ನ ಮೇಲಿಡು, ನಾನು ಗಟ್ಟಿ ಇದ್ದೇನೆ. ಡಾಕ್ಟರು ಇನ್ನು ಕೆಲವೇ ವಾರಗಳ ಮಾತಾಡುತ್ತಿದ್ದಾರೆ. ಅಷ್ಟು ಸಣ್ಣ ಸಮಯದಲ್ಲಿ ಆ ಮನುಷ್ಯನನ್ನು ಗೇಟಿನ ಹೊರಗೆ ನಿಲ್ಲಿಸಬೇಡ. ನಿನ್ನೆ ನೀನು ಗೋಡೆಯ ಕಡೆ ತಿರುಗಿ ಮಲಗಿ, ದೀಪ ಇಷ್ಟು ಬೇಗ ಆರಿಸಬೇಡ ಅಮ್ಮ ಎಂದು ಹೇಳಿದ್ದು ನನಗೆ ಕೇಳಿಸಿತು. ಯಾಕೆ ಎಂದು ಅಮ್ಮನಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ಔಷಧಿ ಬಿಡಬೇಡ. ಕಿತ್ತಳೆ ಕಳಿಸುತ್ತಿದ್ದೇನೆ, ಈ ಸಲ ನಾನು ತಿನ್ನುವುದಿಲ್ಲ.

ನಿನ್ನನ್ನು ಕಣ್ಣಿಟ್ಟು ನೋಡಿಯೂ ಕಾಣದೆ ಹೋದ,
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕವರಿಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಮೇಸ್ತ್ರಿಗೆ ಗೊತ್ತಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಐದನೆಯ ಭಾನುವಾರ ನಿನ್ನನ್ನು ಕರೆದೊಯ್ಯಲು ಬಂದಿದ್ದರಲ್ಲ, ನೀನು ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದೆ. ಅವರು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಹಿಡಿಯುವ ತೂಗುಗುಂಡು ಅವರ ಜೇಬಿನಲ್ಲೇ ಇತ್ತು, ಅದನ್ನು ಹಾಳೆಯ ಮುಂದೆ ಇಳಿಬಿಟ್ಟು ನೋಡಿದರು. "ಅಕ್ಕಾ, ಬಲಗಡೆ ಇಳಿದಿದೆ. ಚಿತ್ರದಲ್ಲಲ್ಲ, ಅವಳಲ್ಲೇ. ರಾತ್ರಿ ಕೈಯಿಟ್ಟು ನೋಡಿದೀನಿ, ಅಲ್ಲಿ ಮಾಂಸವೇ ಇಲ್ಲ. ಡಾಕ್ಟರಿಗೆ ತೋರಿಸ್ಲಾ?" ಎಂದು ಮೆಲ್ಲಗೆ ಕೇಳಿದರು. ನಾನು ನಕ್ಕೆ. "ಗೋಡೆ ಬೇರೆ, ಮೈ ಬೇರೆ ಮೇಸ್ತ್ರಿಗಳೇ. ಒದ್ದೆ ಕಾಗದ ಮುದುರಿದೆ, ಅಷ್ಟೆ. ಇಪ್ಪತ್ತೆರಡು ವರ್ಷದಿಂದ ಮೈ ನೋಡ್ತಿದೀನಿ, ಸುಮ್ಮನೆ ಅವಳನ್ನ ಹೆದರಿಸಬೇಡಿ" ಎಂದೆ. ಓದಿದವಳ ಮಾತು ಎಂದು ನಂಬಿ ತೂಗುಗುಂಡು ಜೇಬಿಗೆ ಹಾಕಿಕೊಂಡರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕಿರುಚುವಾಗ ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದರಲ್ಲ, ಅದು ಇದಕ್ಕೆ. ಅವರು ಇದನ್ನು ನಿನಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಅಕ್ಕತಂಗಿಯರ ನಡುವೆ ಬಿರುಕು ಬೀಳಬಾರದು ಎಂದಿರಬೇಕು. ಇವತ್ತು ಸಂಜೆ ಅವರು ಬರುತ್ತಾರೆ. ಬಾಗಿಲು ತೆಗೆಸು. ನೀನಾಗಿ ಕರೆಯುವವರೆಗೆ ನಾನು ಬರುವುದಿಲ್ಲ.