ಲಾರಿಯ ಹೊಟ್ಟೆಯ ಕೆಳಗಿನ ದೀಪ

ಲಿಲಾವಿನ ಹರಾಜಿನಲ್ಲಿ ಕೊಂಡ ಮಿಲಿಟರಿ ಲಾರಿಗಳ ಏಕಚಕ್ರಾಧಿಪತಿಗಳೂ ಬೈಲಹೊಂಗಲದ ಗ್ರೀಸ್ ಸಿಂಹಾಸನಾಧೀಶ್ವರರೂ ನನ್ನ ಅಬ್ಬಾನ ಪಾಲುದಾರರೂ ಆದ ಸಂಗಪ್ಪ ಕಾಕಾ ಅವರ ಪಾದಾರವಿಂದಗಳಿಗೆ ನಾಸಿರನ ಸಲಾಮು.

ನಮ್ಮ ಹಿತ್ತಲಲ್ಲಿ ನಿಂತ ಲಾರಿಯನ್ನು ಬರುವ ಬುಧವಾರ ರಾಮದುರ್ಗದವರಿಗೆ ಮಾರುತ್ತೀರೆಂದು ತಿಳಿಯಿತು. ದಯಮಾಡಿ ಮಾರಬೇಡಿರಿ. ಅದರಲ್ಲಿ ದೆವ್ವವಿದೆ.

ಮಿಲಿಟರಿ ಲಾರಿಗಳ ಹಿಂದಿನ ಗಾಲಿಗಳ ನಡುವೆ ಒಂದು ಸಣ್ಣ ದೀಪ ಇರುತ್ತದಲ್ಲ, ಹೆಡ್‌ಲೈಟ್ ಆರಿಸಿ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ನೋಡಿಕೊಂಡು ಬರುವ ದೀಪ, ಅಬ್ಬಾ ಅದನ್ನು ರಿಪೇರಿ ಮಾಡುವಾಗ ನೀವು ನಕ್ಕಿದ್ದಿರಿ. "ನಿಜಾಮಸಾಬ, ಕಬ್ಬು ಹೇರೋ ಗಾಡಿಗಿ ಇದ್ಯಾಕ ಬೇಕೋ ಮಾರಾಯಾ?"

"ಹಿಂದ ಬರಾವ್ರಿಗೆ ದಾರಿ ಕಾಣಬೇಕಲ್ಲೋ ಸಂಗಪ್ಪ" ಎಂದಿದ್ದರು ಅಬ್ಬಾ.

ಅವರು ತೀರಿಕೊಂಡ ಮೇಲೆ, ದಿನಾ ಸಂಜೆಯ ನಮಾಜಿನ ಹೊತ್ತಿಗೆ ಆ ದೀಪ ತಾನಾಗಿಯೇ ಹತ್ತುತ್ತದೆ. ಅಮ್ಮಿ ಹೆದರುವುದಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕುಳಿತು, "ಬಂದ್ರೇನ್ರಿ? ಚಾ ಇಡ್ಲೇನು?" ಎಂದು ಅದಕ್ಕೆ ಕೇಳುತ್ತಾಳೆ. ಆಮೇಲೆಯೇ ಅವಳ ಗಂಟಲಲ್ಲಿ ರೊಟ್ಟಿ ಇಳಿಯುವುದು. ಲಾರಿ ಹೋದರೆ ಅವಳ ಗತಿ ಏನು, ನೀವೇ ಹೇಳಿರಿ.

ರಾಮದುರ್ಗದವರಿಗೆ ಗೇರ್‌ಬಾಕ್ಸ್ ಕೂಗುತ್ತದೆ ಎಂದುಬಿಡಿರಿ. ಸುಳ್ಳು ಹೇಳಿದ ಪಾಪ ನಿಮಗೆ ಬೇಡ. ಅವರು ಬರುವುದರೊಳಗೆ ನಾನೇ ಕೂಗಿಸಿಡುತ್ತೇನೆ.

ದೆವ್ವದ ಪರವಾಗಿ,
ತಮ್ಮ ಆಜ್ಞಾಧಾರಕ
ನಾಸಿರ

ತಾ.ಕ.: ಆ ದೀಪದ ಸ್ವಿಚ್ ಸೀಟಿನ ಕೆಳಗಿದೆ, ಹಾಕುವವನು ನಾನೇ. ಅಮ್ಮಿ ದೊಡವಾಡಕ್ಕೆ ಅಕ್ಕನ ಮನೆಗೆ ಹೋಗಿ ತಿಂಗಳಾಯಿತು. ಅಲ್ಲಿ ಚೆನ್ನಾಗಿಯೇ ಉಣ್ಣುತ್ತಾಳಂತೆ. ಇಲ್ಲಿ ನಾನು ದೀಪ ಹಾಕುವುದನ್ನು ಇನ್ನೂ ಬಿಟ್ಟಿಲ್ಲ.