ಹತ್ತು ಹೆಜ್ಜೆಗಳ ಸರಾಸರಿ

ಸೇಡಂ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ನಜಮಾ,

ಶರಣಾರ್ಥಿ. ನಿನ್ನ ಕಾಗದ ದಸರೆಗೆ ಮೊದಲೇ ಕೈಸೇರಿತ್ತು. ನಾನು ಪೆನ್ನು ಹಿಡಿಯುವಷ್ಟರಲ್ಲಿ ದೀಪಾವಳಿಯೂ ದಾಟಿತು. ಬೇಕಾದಷ್ಟು ಬೈದುಕೋ, ಆದರೆ ಮರೆತೆನೆಂದು ಮಾತ್ರ ತಿಳಿಯಬೇಡ. ನೀನು ಕಳಿಸಿದ ಹದಿನಾಲ್ಕು ಪ್ರಶ್ನೆಗಳ ಹಾಳೆ ನನ್ನ ಪಾಠಯೋಜನೆಯ ಪುಸ್ತಕದೊಳಗೇ ಇದೆ. ಕೃತಕ ಕಾಲು ಮಾಡಲು ಕಲಿಯುವವರು ಅದನ್ನು ಹಾಕಿಕೊಂಡವರ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಕೇಳಿ ಬರೆದುಕೊಂಡು ಬರಬೇಕು ಎಂದರಂತಲ್ಲ ನಿಮ್ಮ ಮುಂಬೈ ಮೇಡಂ, ಅದು ನನಗೆ ತುಂಬ ಹಿಡಿಸಿತು. ಕಾಲು ಹೋಗಿ ಆರು ವರ್ಷವಾಯಿತು. ಅದನ್ನು ಅಳೆದವರು ಅನೇಕರು. ಮಧ್ಯಾಹ್ನ ಮೂರು ಗಂಟೆಗೆ ಅದು ಹೇಗಿರುತ್ತದೆ ಎಂದು ಕೇಳಿದವಳು ನೀನೊಬ್ಬಳೇ.

ಹೇಳುತ್ತೇನೆ, ಬರೆದುಕೋ. ಬೆಳಿಗ್ಗೆ ಮೊಣಕಾಲ ಕೆಳಗೆ ಉಳಿದ ತುಂಡು ಕೃತಕ ಕಾಲಿನ ಸಾಕೆಟ್ಟಿನೊಳಗೆ ಬಿಗಿಯಾಗಿ ಕೂರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೊರಗಿ ಸಡಿಲವಾಗುತ್ತದೆ. ಆಗ ಬಾಗಿಲು ಹಾಕಿಕೊಂಡು ಆ ತುಂಡಿಗೆ ಇನ್ನೊಂದು ಕಾಲುಚೀಲ ಏರಿಸುತ್ತೇನೆ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಎರೆಮಣ್ಣು ಹಸಿಯಾಗಿದ್ದರೆ ಪಾದ ಹುಗಿದುಕೊಂಡದ್ದೇ ತಿಳಿಯುವುದಿಲ್ಲ, ಎತ್ತಲು ಹೋದಾಗಲೇ ಗೊತ್ತಾಗುವುದು. ಇಲ್ಲದ ಹೆಬ್ಬೆರಳು ತುರಿಸಿದರೆ ಏನು ಮಾಡುತ್ತೀ ಎಂದು ಕೇಳಿದ್ದೀ. ಇರುವ ಕಾಲಿನ ಹೆಬ್ಬೆರಳನ್ನು ಕೆರೆದುಕೊಳ್ಳುತ್ತೇನೆ. ಕೆಲವು ಸಲ ತುರಿಕೆ ನಿಲ್ಲುತ್ತದೆ, ಕೆಲವು ಸಲ ಇಲ್ಲ. ಯಾಕೆ ಹೀಗೆ ಎಂದು ನಿಮ್ಮ ಮೇಡಮ್ಮನ್ನು ಕೇಳಿ ಬರೆ.

ಮೊದಲ ವರ್ಷ ನೀವು ಒಬ್ಬರ ಕಾಲಿಗೆ ಒಬ್ಬರು ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದನ್ನು ಕಲಿತದ್ದು ಓದಿ ನಗು ಬಂತು. ನಮ್ಮ ಬಿ.ಎಡ್.ನಲ್ಲೂ ಅದೇ ಕಥೆ. ಮೊದಮೊದಲು ಗೆಳತಿಯರೇ ಮಕ್ಕಳಾಗಿ ಕೂರುತ್ತಾರೆ, ನಾವು ಆರು ನಿಮಿಷ ಪಾಠ ಮಾಡಬೇಕು. ಚಿಂಚೋಳಿಯ ಶಿವಕಾಂತಮ್ಮ ದಡ್ಡ ಹುಡುಗಿಯ ಪಾತ್ರ ವಹಿಸಿ, ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನು ತಲೆಕೆಳಗೆ ಮಾಡಿ ಯಾಕೆ ಗುಣಿಸಬೇಕು ಎಂದು ಕೇಳಿದಳು. ನನ್ನ ಆರು ನಿಮಿಷ ಮುಗಿದವು, ಉತ್ತರ ಮುಗಿಯಲಿಲ್ಲ. ಆ ರಾತ್ರಿ ರೊಟ್ಟಿ ಹರಿದು ಹರಿದು ಅವ್ವನಿಗೆ ತೋರಿಸಿದ ಮೇಲೆ ನನಗೇ ಅರ್ಥವಾಯಿತು.

ಈಗ ಬೋಧನಾಭ್ಯಾಸಕ್ಕೆ ನನ್ನನ್ನು ವಾಡಿಯ ಒಂದು ಪ್ರೌಢಶಾಲೆಗೆ ಹಾಕಿದ್ದಾರೆ. ಎಂಟನೆಯ ತರಗತಿ, ಗಣಿತ. ಬೆಳಗಿನ ರೈಲಿಗೆ ಹೋಗುತ್ತೇನೆ. ನಮ್ಮ ಬಿ.ಎಡ್. ಕಾಲೇಜಿನ ಮಡಿವಾಳಯ್ಯ ಸರ್ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂರುತ್ತಾರೆ. ಅವರು ಹಾಕುವ ಅಂಕದ ಮೇಲೆ ನಮ್ಮ ವರ್ಷವೇ ನಿಂತಿದೆ. ಸೀರೆ ಉಟ್ಟರೆ ಕಾಲಿನ ಸಂಗತಿ ಯಾರಿಗೂ ತಿಳಿಯದು ಎಂದುಕೊಂಡಿದ್ದೆ. ಮಂಗಳವಾರ ಸರಾಸರಿಯ ಪಾಠಕ್ಕೆ ಮಳೆಯ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಭಾಗ್ಯವಂತಿ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್, ನಿಮ್ಮ ಒಂದ್ ಕಾಲಿನ ಸಪ್ಪಳ ಬ್ಯಾರೆ ಬರ್ಲಿಕತ್ತದ. ಯಾಕ್ರಿ?"

ಹಿಂದೆ ಸರ್ ತಲೆ ಎತ್ತಿದರು. ಹೇಳಲು ಒಂದು ಸುಳ್ಳೂ ಹೊಳೆಯಲಿಲ್ಲ. ನೆರಿಗೆಯನ್ನು ಒಂದು ಗೇಣು ಎತ್ತಿ ತೋರಿಸಿಬಿಟ್ಟೆ. ನಜಮಾ, ಯಾರೂ ಅಯ್ಯೋ ಎನ್ನಲಿಲ್ಲ. ಮುಂದಿನವರು ಬಗ್ಗಿ ನೋಡಿದರು, ಹಿಂದಿನವರು ಬೆಂಚು ಹತ್ತಿದರು. ಒಬ್ಬಳಿಗೆ ಅದರ ತೂಕ ತಿಳಿಯಬೇಕಿತ್ತು, ಇನ್ನೊಬ್ಬಳಿಗೆ ಮಳೆಯಲ್ಲಿ ತುಕ್ಕು ಹಿಡಿಯುತ್ತದೆಯೇ ಎಂದು. ಭಾಗ್ಯವಂತಿ ಮಾತ್ರ, ಎರಡೂ ಕಾಲಿನ ಹೆಜ್ಜೆ ಒಂದೇ ಉದ್ದ ಬೀಳುತ್ತವೆಯೇ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಹಂಗಾದ್ರ ಅಳದ್ ನೋಡೋಣಲ್ರಿ," ಎಂದಳು.

ಹೊರಗೆ ಪಡಸಾಲೆಗೆ ಶಹಾಬಾದಿ ಫರ್ಸಿಕಲ್ಲು ಹಾಸಿದೆ. ಚಪ್ಪಲಿಯಡಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಅದರ ಮೇಲೆ ನಡೆದೆ. ಮಕ್ಕಳು ಸ್ಕೇಲು ಹಿಡಿದು, ಮೊಣಕಾಲೂರಿ, ಒಂದೊಂದು ಕಾಲಿಗೆ ಹತ್ತು ಹತ್ತು ಹೆಜ್ಜೆ ಅಳೆದು ಸರಾಸರಿ ತೆಗೆದರು. ನನ್ನ ಸ್ವಂತ ಕಾಲಿನದು ಐವತ್ತೊಂದು ಸೆಂಟಿಮೀಟರ್, ಕೃತಕ ಕಾಲಿನದು ಐವತ್ತೆಂಟು. ನಾನು ತಿಳಿದದ್ದಕ್ಕೆ ತೀರಾ ಉಲ್ಟಾ. ಕೃತಕ ಕಾಲಿನ ಮೇಲೆ ನಿಲ್ಲಲು ಹೆದರಿ ನಾನು ಒಳ್ಳೆಯ ಕಾಲನ್ನು ಬೇಗ ಬೇಗ ಊರಿಬಿಡುತ್ತೇನಂತೆ, ಅದಕ್ಕೇ ಅದರ ಹೆಜ್ಜೆ ಗಿಡ್ಡವಂತೆ. ಇದು ಭಾಗ್ಯವಂತಿಯ ವಾದ. ನಿಮ್ಮ ಪುಸ್ತಕದಲ್ಲಿ ಏನೆಂದಿದೆ? ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಹೆಜ್ಜೆ ಅಳೆದುಕೊಳ್ಳುವ ಹುಚ್ಚು ಹಿಡಿಯಿತು. ಒಬ್ಬಳದು ಎರಡೂ ಸಮ ಬಂದಾಗ ಉಳಿದವರು ನಂಬದೆ ಅವಳನ್ನು ಮೂರು ಸಲ ನಡೆಸಿದರು. ಗಂಟೆ ಹೊಡೆದರೂ ಯಾರೂ ಒಳಗೆ ಬರಲಿಲ್ಲ.

ಸರ್ ತಮ್ಮ ಪುಸ್ತಕದಲ್ಲಿ, ಪಾಠ ಯೋಜನೆಯಂತೆ ಸಾಗಿಲ್ಲ ಎಂದು ಬರೆದು ಐದು ಅಂಕ ಕಳೆದರು. ನಾನು ಸಹಿ ಹಾಕಿ ಹೊರಡುವಾಗ ತಡೆದು, ನಾಳೆಯೂ ಇದನ್ನೇ ಮುಂದುವರಿಸು, ಒಂದೊಂದು ಹೆಜ್ಜೆ ಸರಾಸರಿಯಿಂದ ಎಷ್ಟು ದೂರ ಎಂಬುದನ್ನೂ ತೆಗೆಸು ಎಂದರು. ಕಳೆದ ಅಂಕ ತಿರುಗಿ ಕೊಡಲಿಲ್ಲ. ಬುಧವಾರ ಮಾತ್ರ ನನಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು.

ನಿನ್ನ ಕೊನೆಯ ವರ್ಷ ಸುಸೂತ್ರವಾಗಿ ಮುಗಿಯಲಿ. ನೀನು ಮಾಡಿದ ಕಾಲು ಹಾಕಿಕೊಂಡವರು ಅದು ಕಾಲಲ್ಲಿದೆ ಎಂಬುದನ್ನೇ ಮರೆತು ಸಂತೆ ತಿರುಗುವಂತಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ನಾಗರತ್ನಾ

ತಾ.ಕ.: ಬುಧವಾರ ಭಾಗ್ಯವಂತಿ ಇನ್ನೊಂದು ಪ್ರಶ್ನೆ ಕೇಳಿದಳು. ಇದೇ ವಾಡಿ ಸ್ಟೇಷನ್ನಿನಲ್ಲಿ ಹೊರಟ ರೈಲು ಹತ್ತಲು ಹೋಗಿ ಬಿದ್ದೆ ಎಂದು ಅವರಿಗೆ ಹೇಳಿದ್ದೆ. "ಬಿಟ್ಟ ಗಾಡಿಗಿ ಯಾಕ್ ಓಡಿದ್ರಿ ಮಿಸ್? ಯಾರರ ಕರದಿದ್ರೇನು?" ಎಂದಳು. ಆರು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದ ಉತ್ತರ ಬಾಯಿಗೆ ಬಂತು. ಆ ಹುಡುಗಿಯ ಮುಂದೆ ಹೇಳಲಾಗಲಿಲ್ಲ. ಯಾರೂ ಕರೆದಿರಲಿಲ್ಲ ಎಂದೆ.

ಅಂದು ಪಿಯುಸಿ ಕ್ಲಾಸು ಮುಗಿಸಿ ನಾವಿಬ್ಬರೂ ಶಹಾಬಾದಿಗೆ ಮರಳಬೇಕಿತ್ತು. ನೀನು ಮೊದಲೇ ಹತ್ತಿ ಬಾಗಿಲಲ್ಲಿ ನಿಂತಿದ್ದೆ. ನೀನು ಕೂಗಿದ್ದು "ಬ್ಯಾಡ ರತ್ನಾ, ನಿಂದ್ರು" ಎಂದು. ನನಗೆ ಸರಿಯಾಗಿ ಕೇಳಿಸಿತ್ತು. ಹಟಕ್ಕೆ ಓಡಿದೆ. ಆಸ್ಪತ್ರೆಯಲ್ಲಿ ಅಪ್ಪ ಕೇಳಿದಾಗ ಬೈಗುಳಕ್ಕೆ ಹೆದರಿ, ನಜಮಾ ಕರೆದಳು, ಅದಕ್ಕೇ ಓಡಿದೆ ಎಂದುಬಿಟ್ಟೆ. ಅಪ್ಪ ನಿಮ್ಮ ಬಾಗಿಲಿಗೆ ಬಂದು ನಿನ್ನ ಅಮ್ಮಿಗೆ ಏನೇನು ಅಂದರು ಎಂಬುದು ಆಮೇಲೆ ತಿಳಿಯಿತು. ಆಗಲೂ ಸುಮ್ಮನಿದ್ದೆ. ಶಹಾಬಾದ್ ಬಿಟ್ಟು ಸೇಡಂಗೆ ಬಂದ ಮೇಲೂ ಸುಮ್ಮನಿದ್ದೆ. ನಿನಗೆ ನಿಜ ಗೊತ್ತಿತ್ತು. ಒಂದು ದಿನವೂ ಯಾಕೆ ಬಾಯಿ ಬಿಡಲಿಲ್ಲ ನೀನು?

ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. "ನಜಮಾನ ಅವ್ವನ ಮುಂದ ನಾ ಈಗ ಹ್ಯಾಂಗ ನಿಂದರ್ಲವ್ವಾ," ಎಂದರು. ಬರುವ ಭಾನುವಾರ ನಾವಿಬ್ಬರೂ ಶಹಾಬಾದಿಗೆ ಹೋಗುತ್ತಿದ್ದೇವೆ. ಫೋನು ಮಾಡಿ ಅಮ್ಮಿಗೆ ಮೊದಲೇ ಏನೂ ತಿಳಿಸಬೇಡ. ಅವರ ಬಾಗಿಲಲ್ಲಿ, ಅಪ್ಪನ ಎದುರಿಗೆ, ನಾನೇ ಹೇಳಬೇಕು.